ಜಕಾತಿ ನಾಕಾದ ಚೌಕಿ: ತನ್ನದೇ ಪೊಲೀಸ್ ಬೇಕೆಂದು ಹೊರಟ ಒಂದು ಪುರಸಭೆಯ ಪ್ರಕರಣ

ಇದು ಕಲಬುರಗಿ ಜಿಲ್ಲೆಯ ಒಂದು ಪುರಸಭೆಯಲ್ಲಿ ಮೂರು ವರ್ಷ ನಡೆದ ಪ್ರಕರಣ. ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರಂತೂ ಬೇಡವೇ ಬೇಡ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರ ಬದಲಿಸಿದ್ದೇನೆ, ಆದರೆ ಯಾವ ನಿರ್ಧಾರ ಯಾಕೆ ಆಯಿತು, ಎಲ್ಲಿ ಎಡವಿದೆವು ಅನ್ನುವುದನ್ನು ಮುಟ್ಟಿಲ್ಲ. ನಾನು ಆಗ ಅಲ್ಲಿ ಆರೋಗ್ಯ ಶಾಖೆಯಲ್ಲಿದ್ದೆ. ಕಸ, ಚರಂಡಿ, ಸೊಳ್ಳೆ ಔಷಧಿ ನನ್ನ ಕೆಲಸ. ಪೊಲೀಸ್ ವಿಷಯದ ಫೈಲು ನನ್ನ ಮೇಜಿಗೆ ಬಂದದ್ದು ಯಾಕೆ ಅಂದರೆ, ಬೇರೆ ಯಾರೂ ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ.

ಊರು ಹೇಗಿತ್ತು

ಪುರಸಭೆ ಅಂದರೆ ಗೊತ್ತಲ್ಲ, 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರು. ನಡುವೆ ಒಂದು ಹಳೇ ಬಜಾರ. ಅಡತಿ ಅಂಗಡಿಗಳು, ಎರಡು ದಾಲ್ ಮಿಲ್ಲು, ಬಟ್ಟೆ ಅಂಗಡಿ, ಬಂಗಾರದ ಅಂಗಡಿ ಎಲ್ಲಾ ಅಲ್ಲೇ. ವಾರಕ್ಕೊಂದು ಸಂತೆ. ಡಿಸೆಂಬರಿನಿಂದ ಫೆಬ್ರವರಿ ತನಕ ತೊಗರಿ ಬರುತ್ತದೆ. ಆ ಮೂರು ತಿಂಗಳು ಊರಿನಲ್ಲಿ ನಗದು ಓಡಾಡುವಷ್ಟು ಉಳಿದ ಒಂಬತ್ತು ತಿಂಗಳಲ್ಲಿ ಓಡಾಡುವುದಿಲ್ಲ.

ಪೊಲೀಸ್ ಠಾಣೆ ಇತ್ತು. ಆದರೆ ರೈಲ್ವೆ ಗೇಟಿನ ಆಚೆ, ಹೈವೇ ಕಡೆ. ಸಿಮೆಂಟಿನ ಗೂಡ್ಸ್ ರೈಲು ಬಂತೆಂದರೆ ಗೇಟು ಬಿದ್ದು ಇಪ್ಪತ್ತು ನಿಮಿಷ ನಿಲ್ಲಬೇಕು. ಅದೇ ಠಾಣೆಗೆ ಊರಿನ ಜೊತೆ ಸುತ್ತಲಿನ ಮೂವತ್ತಕ್ಕೂ ಜಾಸ್ತಿ ಹಳ್ಳಿಗಳೂ ಸೇರಿದ್ದವು. ಹಳ್ಳಿಯಲ್ಲಿ ಹೊಲದ ಬದುವಿನ ಜಗಳ ಎದ್ದರೆ ಇರುವ ನಾಲ್ಕು ಜನ ಅಲ್ಲಿಗೆ ಓಡುತ್ತಾರೆ, ಬಜಾರ ಖಾಲಿ.

ಮೊದಲು ಬಜಾರಕ್ಕೆ ಒಬ್ಬ ಗೂರ್ಖಾ ಇದ್ದ. ರಾತ್ರಿ ಸೀಟಿ ಊದುತ್ತಾ, ಕೋಲು ಬಡಿಯುತ್ತಾ ತಿರುಗುತ್ತಿದ್ದ. ತಿಂಗಳಿಗೊಮ್ಮೆ ಅಂಗಡಿಯವರು ಕೈಲಾದಷ್ಟು ಕೊಡುತ್ತಿದ್ದರು. ಅವನು ಊರಿಗೆ ಹೋದವನು ವಾಪಸ್ ಬರಲಿಲ್ಲ. ಅದಾದ ಮೇಲೆ ಬಜಾರಕ್ಕೆ ರಾತ್ರಿ ಯಾರೂ ಇರಲಿಲ್ಲ.

ಕಿಡಿ ಹೊತ್ತಿದ್ದು

ಒಂದು ಜನವರಿಯಲ್ಲಿ ಎರಡು ರಾತ್ರಿಯ ಅಂತರದಲ್ಲಿ ಮೂರು ಅಂಗಡಿಗಳ ಶಟರ್ ಮುರಿದರು. ಅದರಲ್ಲಿ ಒಂದು ಪುರಸಭೆ ಸದಸ್ಯರೊಬ್ಬರ ಭಾವಮೈದುನನದು. ಮುಂದಿನ ವಾರವೇ ಸಾಮಾನ್ಯ ಸಭೆ. ಕುಡಿಯುವ ನೀರಿನ ವಿಷಯ ಬದಿಗೆ ಹೋಗಿ ಸಭೆ ಪೂರ್ತಿ ಕಳ್ಳತನದ ಮೇಲೆ ನಡೆಯಿತು. ಒಬ್ಬ ಸದಸ್ಯರ ಮಗ ಅಮೆರಿಕದಲ್ಲಿದ್ದಾನೆ. ಅವರು ಎದ್ದು ನಿಂತು, ಅಲ್ಲಿ ನಮ್ಮಷ್ಟೇ ಊರಿಗೂ ಊರಿನದೇ ಪೊಲೀಸ್ ಇರುತ್ತಾರೆ, ನಮಗೂ ಪುರಸಭೆ ಪೊಲೀಸ್ ಆಗಲಿ ಅಂದರು. ಇನ್ನೊಬ್ಬರು, ಕಲಬುರಗಿ ನಗರಕ್ಕೆ 2019ರಲ್ಲಿ ಪೊಲೀಸ್ ಕಮಿಷನರೇಟ್ ಆಯಿತಲ್ಲ, ಹಂಗೇ ನಮಗೂ ಸಣ್ಣದೊಂದು ಅಂದರು. ಪೊಲೀಸ್ ಪಾಟೀಲ ಅಂತ ಅಡ್ಡಹೆಸರಿರುವ ಸದಸ್ಯರೊಬ್ಬರು, "ಪೊಲೀಸ್ ನಮ್ಮ ಮನ್ಯಾಗೇ ಅದಾರ, ಮೊದಲು ಪಗಾರ ಹೇಳ್ರಿ" ಅಂದಾಗ ಎಲ್ಲರೂ ನಕ್ಕರು.

ನಕ್ಕರೂ ಆ ಮಾತಿಗೆ ಅರ್ಥ ಇದೆ. ನಮ್ಮ ಭಾಗದಲ್ಲಿ ಊರಿಗೊಬ್ಬ ಪೊಲೀಸ್ ಪಾಟೀಲ, ಕಂದಾಯಕ್ಕೆ ಮಾಲಿ ಪಾಟೀಲ, ಕಾವಲಿಗೆ ತಳವಾರ, ವಾಲೀಕಾರ ಅಂತ ಇದ್ದವರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು ಆ ವಂಶಪಾರಂಪರ್ಯದ ಹುದ್ದೆಗಳು ಹೋದವು, ಅಡ್ಡಹೆಸರು ಉಳಿಯಿತು. ಹಿರಿಯರ ಮನಸ್ಸಿನಲ್ಲಿ ಮಾತ್ರ "ಊರಿನ ಕಾವಲು ಊರಿಗೇ ಸೇರಿದ್ದು" ಅನ್ನುವುದು ಇನ್ನೂ ಹೋಗಿಲ್ಲ. ಅದಕ್ಕೇ ಠರಾವು ಒಂದೇ ದನಿಯಲ್ಲಿ ಪಾಸಾಯಿತು. ಪುರಸಭೆಯಿಂದಲೇ ಹನ್ನೆರಡು ಜನ ಪೊಲೀಸರನ್ನು ನೇಮಿಸಿಕೊಳ್ಳಲು ಅನುಮತಿ ಕೇಳುವುದು ಅಂತ.

ಠರಾವು ಜಿಲ್ಲಾ ಕಚೇರಿಗೆ ಹೋಗಿ ಒಂದು ಸಾಲಿನ ಷರಾದ ಜೊತೆ ವಾಪಸ್ ಬಂತು. ನಿಯಮದಲ್ಲಿ ಅವಕಾಶವಿಲ್ಲ. ಅಷ್ಟೇ.

ಯಾಕೆ ಅವಕಾಶವಿಲ್ಲ ಅಂತ ಸದಸ್ಯರಿಗೆ ವಿವರಿಸುವ ಕೆಲಸ ನನಗೆ ಬಂತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಕಾನ್‌ಸ್ಟೆಬಲ್ ನೇಮಕ, ಅಧಿಕಾರ, ಶಿಸ್ತು ಎಲ್ಲಾ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಳಗೆ. ಕಲಬುರಗಿಯ ಕಮಿಷನರೇಟ್ ಕೂಡ ಪಾಲಿಕೆಯದಲ್ಲ, ರಾಜ್ಯ ಸರ್ಕಾರದ್ದೇ. 74ನೇ ತಿದ್ದುಪಡಿಯಿಂದ 1993ರಲ್ಲಿ ಜಾರಿಗೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳ 18 ಕೆಲಸಗಳ ಪಟ್ಟಿ ಇದೆ. ಅಗ್ನಿಶಾಮಕ ಸೇವೆ ಇದೆ. ಬೀದಿ ದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ ಇದೆ. ಬೀದಿ ದನ ಕೂಡಿ ಹಾಕುವ ಕೊಂಡವಾಡ ಇದೆ, ಸ್ಮಶಾನ ಇದೆ. ಪೊಲೀಸ್ ಇಲ್ಲ.

ಆ ಪಟ್ಟಿಯನ್ನು ಸಭೆಯಲ್ಲಿ ಜೋರಾಗಿ ಓದಿದವನು ನಾನೇ. ದೀಪ, ನಿಲುಗಡೆ, ದನ ಅಂತ ನನ್ನ ಬಾಯಿಂದಲೇ ಹೇಳಿದೆ. ನಮ್ಮ ಸಮಸ್ಯೆಗೆ ಉತ್ತರ ಅದರಲ್ಲೇ ಇತ್ತು ಅನ್ನುವುದು ತಿಳಿಯಲು ಇನ್ನೂ ಒಂದೂವರೆ ವರ್ಷ ಬೇಕಾಯಿತು.

ಖಾಕಿ ಹಾಕಿದ ಮೊದಲ ಪ್ರಯತ್ನ

ಪೊಲೀಸ್ ಆಗಲಿಲ್ಲ ಅಂದರೆ ಪೊಲೀಸರ ಹಾಗೆ ಕಾಣುವವರು ಸಾಕು ಅಂತ ಒಬ್ಬರಿಗೆ ಹೊಳೆಯಿತು. ಬೆಂಗಳೂರಿನಲ್ಲಿ ಪಾಲಿಕೆ ಮಾರ್ಷಲ್‌ಗಳಿದ್ದಾರೆ ಅಲ್ವಾ, ಹಂಗೇ. ಕಸ ಎಸೆದವರಿಗೆ ದಂಡ ಹಾಕುವ ಮಾರ್ಷಲ್ ಬೇರೆ, ಕಳ್ಳರನ್ನು ಹಿಡಿಯುವವರು ಬೇರೆ ಅಂತ ಆಗ ಯಾರೂ ವಾದ ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಂದು ಖಾಸಗಿ ಏಜೆನ್ಸಿಯಿಂದ ಎಂಟು ಜನ ಕಾವಲುಗಾರರನ್ನು ಹೊರಗುತ್ತಿಗೆ ಮೇಲೆ ತೆಗೆದುಕೊಂಡರು. ಅರ್ಧ ದುಡ್ಡು ಪುರಸಭೆ ನಿಧಿಯಿಂದ, ಅರ್ಧ ಬಜಾರದವರ ಚಂದಾ. ಸಮವಸ್ತ್ರ ಯಾವ ಬಣ್ಣದ್ದು ಅಂತ ಚರ್ಚೆ ಬಂದಾಗ ಒಂದೇ ನಿಮಿಷದಲ್ಲಿ ಮುಗಿಯಿತು. ಖಾಕಿ. ಬೇರೆ ಬಣ್ಣಕ್ಕೆ ಯಾರು ಅಂಜುತ್ತಾರೆ?

ಎರಡು ತಿಂಗಳು ಚೆನ್ನಾಗಿ ನಡೆಯಿತು. ನಿಜ ಹೇಳಬೇಕು, ಬಜಾರ ಶಾಂತವಾಗಿತ್ತು. ಅಂಗಡಿಯವರು ಅವರಿಗೆ ಚಹಾ ಕೊಡಿಸುತ್ತಿದ್ದರು, ಮಕ್ಕಳು "ಪೊಲೀಸಪ್ಪ" ಅನ್ನುತ್ತಿದ್ದರು. ಕಾವಲುಗಾರರಿಗೂ ತಾವು ಪೊಲೀಸರೇ ಅನ್ನಿಸತೊಡಗಿತು. ಅದೇ ಕೆಟ್ಟದ್ದು.

ಮೂರನೇ ತಿಂಗಳು ಒಂದು ರಾತ್ರಿ ಕಿರಾಣಿ ಅಂಗಡಿಯ ಹಿಂದೆ ಹದಿನೈದು ಹದಿನಾರು ವರ್ಷದ ಹುಡುಗನೊಬ್ಬ ಸಿಕ್ಕ. ಕೈಯಲ್ಲಿ ಕಬ್ಬಿಣದ ತುಂಡು. ಗುಜರಿಗೆ ಹಾಕಲು ಆರಿಸುತ್ತಿದ್ದೆ ಅಂದ. ಇವರು ನಂಬಲಿಲ್ಲ. ಠಾಣೆಗೆ ಫೋನ್ ಮಾಡದೆ, 112ಕ್ಕೂ ಹೇಳದೆ, ಅವನನ್ನು ನಮ್ಮ ಕಸದ ಗೋದಾಮಿಗೆ ಒಯ್ದು ಬೆಳಗಿನ ತನಕ ಕೂಡಿ ಹಾಕಿದರು. ಎರಡು ಏಟೂ ಬಿದ್ದಿದ್ದವು. ಬೆಳಗ್ಗೆ ಐದಕ್ಕೆ ಕಸದ ಬಂಡಿ ತರಲು ಹೋದ ಪೌರಕಾರ್ಮಿಕರು ಬಾಗಿಲು ತೆಗೆದರೆ ಒಳಗೆ ಹುಡುಗ. ಅವನ ತಾಯಿ ಬಸ್ ಸ್ಟ್ಯಾಂಡಿನ ಮುಂದೆ ತರಕಾರಿ ಮಾರುವವರು. ನಮ್ಮ ಕಚೇರಿ ಮೆಟ್ಟಿಲ ಮೇಲೆ ಕೂತು ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ನನ್ನ ಮಗ ಕಳ್ಳ ಇದ್ರ ಠಾಣೇಕ್ಕ ಒಯ್ಯಬೇಕಿತ್ತಿಲ್ರೀ ಸಾಹೇಬ್ರ. ಕಸದಾಗ ಯಾಕ ಕೂಡಿ ಹಾಕಿದ್ರಿ?"

ಉತ್ತರ ಇರಲಿಲ್ಲ. ಕಾನೂನಿನಲ್ಲಿ ಸಾಮಾನ್ಯ ಮನುಷ್ಯನೂ ಒಬ್ಬರನ್ನು ಹಿಡಿಯಬಹುದು. ಮೊದಲು ಅದು ಸಿ.ಆರ್.ಪಿ.ಸಿ.ಯ 43ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂನಲ್ಲಿದೆ. ಆದರೆ ಜಾಮೀನು ಸಿಗದ ದೊಡ್ಡ ಅಪರಾಧ ಕಣ್ಣೆದುರೇ ನಡೆದಿರಬೇಕು, ಹಿಡಿದವರನ್ನು ತಡ ಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಹೊಸ ಕಾನೂನು ಆರು ಗಂಟೆಯ ಗಡುವನ್ನೂ ಹಾಕಿದೆ. ಇಲ್ಲಿ ಅಪರಾಧವೇ ನಡೆದಿರಲಿಲ್ಲ. ಹುಡುಗ ಬೇರೆ ಅಪ್ರಾಪ್ತ. ಅಂಥವರನ್ನು ಪೊಲೀಸರೇ ಲಾಕಪ್ಪಿಗೆ ಹಾಕುವಂತಿಲ್ಲ ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುವಾಗ ನಮ್ಮ ಗೋದಾಮಿನ ಲೆಕ್ಕ ಎಲ್ಲಿ? ಇದರ ಮೇಲೆ ಖಾಕಿ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ ಪ್ರಕಾರ ಏಜೆನ್ಸಿಯ ಕಾವಲುಗಾರ ಪೊಲೀಸ್ ಸಮವಸ್ತ್ರ ಹಾಕುವಂತಿಲ್ಲ, ಅದರ ಹಾಗೆ ಕಾಣುವ ಬಟ್ಟೆಯನ್ನೂ ಹಾಕುವಂತಿಲ್ಲ. ಹಾಕಿದರೆ ಕಾವಲುಗಾರನಿಗೂ ಮಾಲೀಕನಿಗೂ ಒಂದು ವರ್ಷದ ತನಕ ಜೈಲು ಆಗಬಹುದು. ಟೆಂಡರ್ ಕಾಗದದಲ್ಲಿ "ಖಾಕಿ ಸಮವಸ್ತ್ರ" ಅಂತ ಬರೆದು ಸಹಿ ಹಾಕಿದ್ದು ನಾವೇ.

ಕಾವಲುಗಾರರ ಮೇಲೆ ಕೇಸಾಯಿತು. ಎರಡು ದಿನ ಊರು ಬಿಗಿಯಾಗಿತ್ತು. ಬಸ್ ಸ್ಟ್ಯಾಂಡಿನ ವ್ಯಾಪಾರಿಗಳು ಒಂದು ಕಡೆ, ಬಜಾರದವರು ಒಂದು ಕಡೆ. ಪುರಸಭೆಯ ಮುಖ್ಯಾಧಿಕಾರಿಗಳು ತಾವೇ ಆ ತಾಯಿಯ ಮನೆಗೆ ಹೋಗಿ ಕೈಮುಗಿದು ಬಂದರು. ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ, ಅಧಿಕಾರಿ ತಗ್ಗಬಾರದಿತ್ತು ಅಂದರು. ನನ್ನ ಲೆಕ್ಕದಲ್ಲಿ ಮೂರು ವರ್ಷದಲ್ಲಿ ಆದ ಒಳ್ಳೆಯ ನಿರ್ಧಾರಗಳಲ್ಲಿ ಅದೂ ಒಂದು. ಆ ತಾಯಿ ಮುಂದೆ ನಮಗೆ ಎಷ್ಟು ಬೇಕಾದರು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಗುತ್ತಿಗೆ ರದ್ದಾಯಿತು.

"ನಿಮ್ಮ ಊರಲ್ಲಿ ಕಳ್ಳತನವೇ ಇಲ್ಲವಲ್ಲ"

ಆಮೇಲೆ ಸರಿಯಾದ ದಾರಿ ಹಿಡಿದೆವು. ಬಜಾರದಲ್ಲಿ ಒಂದು ಹೊರಠಾಣೆ, ಅಂದರೆ ಠಾಣೆಯ ಕೆಳಗಿನ ಸಣ್ಣ ಚೌಕಿ, ಮಾಡಿಕೊಡಿ ಅಂತ ಪೊಲೀಸ್ ಇಲಾಖೆಗೆ ಪತ್ರ. ಪತ್ರ ಬರೆದವನು ನಾನು. "ಪಟ್ಟಣದಲ್ಲಿ ದಿನೇದಿನೇ ಕಳ್ಳತನಗಳು ಹೆಚ್ಚಾಗುತ್ತಿದ್ದು ಸಾರ್ವಜನಿಕರು ಭಯಭೀತರಾಗಿರುತ್ತಾರೆ" ಅಂತ ಜೋರಾಗಿಯೇ ಬರೆದೆ.

ಮೇಲಿನಿಂದ ತಿರುಗಿ ಬಂದ ಪ್ರಶ್ನೆ ಸರಳವಾಗಿತ್ತು. ಹೋದ ವರ್ಷ ಬಜಾರ ಪ್ರದೇಶದಲ್ಲಿ ದಾಖಲಾದ ಕಳ್ಳತನದ ಪ್ರಕರಣ ನಾಲ್ಕೇ ನಾಲ್ಕು. ಹೊರಠಾಣೆ ಯಾಕೆ ಬೇಕು?

ನಾಲ್ಕು! ವಾರಕ್ಕೊಂದು ಕೇಳುತ್ತಿದ್ದೆವು. ಬಜಾರದಲ್ಲಿ ವಿಚಾರಿಸುತ್ತಾ ಹೋದೆ. ಮೊದಲ ಅಂಗಡಿಯಲ್ಲೇ ಗುಟ್ಟು ಬಯಲಾಯಿತು. "ಕಂಪ್ಲೇಂಟ್ ಕೊಟ್ರ ಏನ್ ಸಿಗ್ತದ್ರೀ? ಹೋದ ಮಾಲು ಬರಂಗಿಲ್ಲ, ಮ್ಯಾಲೆ ಕೋರ್ಟಿಗಿ ಅಡ್ಡಾಡಬೇಕು." ಇನ್ನೊಬ್ಬರು ಹೋದದ್ದು ಎಷ್ಟು ಅಂತ ಬರೆಸಿದರೆ ಇದ್ದದ್ದು ಎಷ್ಟು ಅಂತ ಬೇರೆಯವರಿಗೂ ಗೊತ್ತಾಗುತ್ತದೆ ಅಂದರು, ಅದನ್ನು ಬಿಡಿಸಿ ಹೇಳಬೇಕಿಲ್ಲ. ಬೈಕ್ ಕಳೆದುಕೊಂಡ ಹುಡುಗನೊಬ್ಬ ಮೂರು ಸಲ ಠಾಣೆಗೆ ಹೋಗಿ, ನಾಳೆ ಬಾ ಅನ್ನಿಸಿಕೊಂಡು ಸುಮ್ಮನಾಗಿದ್ದ. ಹೆಣ್ಣುಮಕ್ಕಳ ದೂರುಗಳಂತೂ ಮನೆಯ ಹೊಸ್ತಿಲು ದಾಟಿರಲಿಲ್ಲ.

ಅಂದರೆ ಊರು ಪೊಲೀಸರು ಬೇಕು ಅಂತ ಕೂಗುತ್ತಿತ್ತು, ಆದರೆ ಪೊಲೀಸರ ಪುಸ್ತಕದಲ್ಲಿ ಊರು ತಣ್ಣಗಿತ್ತು. ಆ ಪುಸ್ತಕ ನೋಡಿಯೇ ಮಂದಿಯನ್ನು ಹಂಚುತ್ತಾರೆ.

ಹಾಗಾಗಿ ದೂರು ಬರೆಸುವ ಕೆಲಸಕ್ಕೆ ಇಳಿದೆವು. ದೊಡ್ಡ ಅಭಿಯಾನ ಏನೂ ಅಲ್ಲ. ಸಂತೆ ದಿನ ಪುರಸಭೆ ಮುಂದೆ ಒಂದು ಮೇಜು, ಒಬ್ಬ ನಿವೃತ್ತ ಮೇಷ್ಟ್ರು, ಬಿಳಿ ಹಾಳೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು, ಬೇರೆ ಠಾಣೆಯ ಹದ್ದಿನಲ್ಲಿ ನಡೆದದ್ದಾದರೂ ಇಲ್ಲೇ ಜೀರೋ ಎಫ್‌ಐಆರ್ ಮಾಡಿಸಬಹುದು, ಇಷ್ಟನ್ನು ಬಾಯಿಮಾತಿನಲ್ಲಿ ಹೇಳಿದೆವು. ಆರು ತಿಂಗಳಲ್ಲಿ ದಾಖಲಾದ ಪ್ರಕರಣ ಹಲವು ಪಟ್ಟು ಏರಿತು.

ಇದರಿಂದ ಠಾಣೆಯವರಿಗೆ ನಮ್ಮ ಮೇಲೆ ಕೆಂಡದಂಥ ಸಿಟ್ಟು. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. ಅಂಕಿ ಏರಿದರೆ ಮೇಲಿನವರು ಕೇಳುವುದು ಠಾಣೆಯ ಸಬ್ ಇನ್‌ಸ್ಪೆಕ್ಟರ್, ಅಂದರೆ ಪಿಎಸ್‌ಐ ಅವರನ್ನು, ಪುರಸಭೆಯನ್ನಲ್ಲ. ಆಗ ಇದ್ದ ಪಿಎಸ್‌ಐ ನಮ್ಮ ಮುಖ್ಯಾಧಿಕಾರಿಗಳ ಫೋನನ್ನೇ ಎತ್ತುವುದು ಬಿಟ್ಟರು.

ಮಾತು ತಿರುಗಿದ ಸಂಜೆ

ಜಾತ್ರೆಯ ಬಂದೋಬಸ್ತಿನ ಸಭೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂರಲೇಬೇಕಾಯಿತು. ಸಭೆ ಮುಗಿದು ಚಹಾ ಕುಡಿಯುವಾಗ ಸದಸ್ಯರೊಬ್ಬರು ಹೊರಠಾಣೆಯ ಮಾತು ಎತ್ತಿದರು. ಪಿಎಸ್‌ಐ ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನೆಲ್ಲ ಹೊರಹಾಕಿದರು.

"ಹೊರಠಾಣೆ ಅಂದ್ರ ಏನ್ರೀ? ಒಂದು ಕೋಣೆ, ಒಂದು ಬೋರ್ಡು. ಬೋರ್ಡ್ ನಾಳೆನೇ ಹಾಕ್ತೀನಿ. ಒಳಗ ಕೂಡಾಕ ಮಂದಿ ಎಲ್ಲಿಂದ ತರಲಿ? ಇರೋ ಮಂದಿ ಅರ್ಧ ದಿನ ನಿಮ್ಮ ಕೆಲಸನೇ ಮಾಡ್ತಾರ. ಬಂಡಿ ಸರಿಸೋದು ಯಾರ ಕೆಲಸ? ದನ ಹಿಡಿಯೋದು ಯಾರ ಕೆಲಸ? ನಳದ ಮುಂದ ಕೊಡದ ಜಗಳ, ಅದಕ್ಕೂ ನಮ್ಮ ಕಾನ್‌ಸ್ಟೆಬಲ್ಲೇ ಬರಬೇಕು. ನಿಮ್ಮ ಕೆಲಸ ನೀವು ತಗೋರಿ, ಇಬ್ಬರನ್ನ ನಾ ಕೊಡ್ತೀನಿ."

ಎಲ್ಲರೂ ಸುಮ್ಮನಾದರು. ಸಿಟ್ಟಿನಲ್ಲಿ ಆಡಿದ ಮಾತು ಅಂತ ಅಲ್ಲಿಗೇ ಬಿಟ್ಟಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಮುಖ್ಯಾಧಿಕಾರಿಗಳು ಬಿಡಲಿಲ್ಲ. ಮಾರನೇ ದಿನ ಠಾಣೆಗೆ ಹೋಗಿ, ನಿಮ್ಮ ಮಂದಿ ಯಾವ ದಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತಾರೆ ಅಂತ ಒಂದು ತಿಂಗಳು ಬರೆದಿಡಿ, ನಾವೂ ನೋಡುತ್ತೇವೆ ಅಂದರು. ಪಿಎಸ್‌ಐ ನಂಬದೇ ಒಪ್ಪಿದರು. ತಿಂಗಳ ಕೊನೆಗೆ ನೋಟ್‌ಬುಕ್ ನೋಡಿದರೆ, ಸಂತೆ ದಿನ ಮೂವರು ಕಾನ್‌ಸ್ಟೆಬಲ್‌ಗಳು ಬೆಳಗಿನಿಂದ ಸಂಜೆ ತನಕ ಬಂಡಿ ಮತ್ತು ಪಾರ್ಕಿಂಗ್ ಜಗಳದಲ್ಲೇ ಇದ್ದರು. ಉಳಿದ ದಿನಗಳಲ್ಲೂ ಒಬ್ಬರಿಗೆ ಅರ್ಧ ದಿನ ಅದೇ ಕೆಲಸ. ನಾನು ಸಭೆಯಲ್ಲಿ ಓದಿದ್ದ ಆ 18 ಕೆಲಸಗಳ ಪಟ್ಟಿ ಆಗ ಮತ್ತೆ ನೆನಪಾಯಿತು. ದೀಪ, ನಿಲುಗಡೆ, ದನ. ನಾವು ಮಾಡದೆ ಬಿಟ್ಟದ್ದನ್ನೆಲ್ಲ ಠಾಣೆಯವರು ಮಾಡುತ್ತಿದ್ದರು, ಅದರ ಮೇಲೆ ನಾವೇ ಠಾಣೆಯಲ್ಲಿ ಮಂದಿ ಇಲ್ಲ ಅಂತ ಪತ್ರ ಬರೆಯುತ್ತಿದ್ದೆವು.

ನಮ್ಮ ಕೆಲಸ ನಾವು ತೆಗೆದುಕೊಂಡದ್ದು

ಮೊದಲು ಬೀದಿ ವ್ಯಾಪಾರಿಗಳ ಬಂಡಿಗಳು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕಡಿಮೆ ಅಂದರೂ ನೂರಕ್ಕೆ 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪೊಲೀಸರೂ ಅದರ ಸದಸ್ಯರು. ನಮ್ಮಲ್ಲಿ ಸಮಿತಿ ಕಾಗದದ ಮೇಲಿತ್ತು, ಸಭೆ ಸೇರಿದ್ದು ನನಗೆ ನೆನಪಿಲ್ಲ. ಈಗ ಸೇರಿಸಿದೆವು. ಬಂದವರಲ್ಲಿ ಆ ಹುಡುಗನ ತಾಯಿಯೂ ಒಬ್ಬರು. ಮೊದಲ ಎರಡು ಸಭೆ ಅವರು ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ, ಬಂಡಿ ನಿಲ್ಲಲು ನೀವು ಹಾಕಿದ ಸುಣ್ಣದ ಗೆರೆ ಬಸ್ಸು ತಿರುಗುವ ಜಾಗದಲ್ಲೇ ಬಂದಿದೆ, ಎರಡು ಮಾರು ಹಿಂದೆ ಸರಿಸಿದರೆ ಯಾರೂ ಜಗಳ ಆಡುವುದಿಲ್ಲ ಅಂದರು. ಎಂಜಿನಿಯರಿಗೆ ಇದು ರುಚಿಸಲಿಲ್ಲ. ಗೆರೆ ಸರಿಸಿದೆವು. ಜಗಳ ನಿಂತಿತು ಅಂತ ಹೇಳಲಾರೆ, ಪೊಲೀಸರನ್ನು ಕರೆಯುವಷ್ಟು ದೊಡ್ಡದಾಗುವುದು ನಿಂತಿತು. ವಾದ ಎದ್ದರೆ "ಗೆರಿ ನೋಡ್ರಿ" ಅನ್ನುತ್ತಾರೆ.

ದನಗಳಿಗೆ ಹಳೇ ಕೊಂಡವಾಡದ ಗೋಡೆ ಕಟ್ಟಿಸಿ ಒಬ್ಬರನ್ನು ಇಟ್ಟೆವು. ಅದು ಅರ್ಧಂಬರ್ಧ ನಡೆಯಿತು, ದನದ ಮಾಲೀಕರಲ್ಲಿ ಇಬ್ಬರು ಸದಸ್ಯರ ಸಂಬಂಧಿಕರು. ಇಷ್ಟಕ್ಕೇ ಬಿಡುತ್ತೇನೆ.

ದೀಪದ ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದೆವು. ಬೆಳಗಿನ ಜಾವ ಊರನ್ನು ನೋಡುವವರು ಪೌರಕಾರ್ಮಿಕರು. ಯಾವ ಕಂಬ ಉರಿಯುವುದಿಲ್ಲ, ಎಲ್ಲಿ ಬಾಟಲಿ ಬಿದ್ದಿರುತ್ತವೆ, ಯಾವ ಓಣಿಯಲ್ಲಿ ಹೆಣ್ಣುಮಕ್ಕಳು ಬೇಗ ಬೇಗ ಹೆಜ್ಜೆ ಹಾಕುತ್ತಾರೆ, ಎಲ್ಲಾ ಅವರಿಗೆ ಗೊತ್ತು. ವಾರ್ಡಿನ ನಕ್ಷೆ ಗೋಡೆಗೆ ಅಂಟಿಸಿ, ದಿನಾ ಹಾಜರಿ ಹಾಕುವಾಗ ಅವರಿಂದಲೇ ಬಿಂದಿ ಹಚ್ಚಿಸಿದೆವು. ಕತ್ತಲೆಗೆ ಕಪ್ಪು, ಬಾಟಲಿಗೆ ಕೆಂಪು. ಮೂರು ವಾರದಲ್ಲಿ ಬಜಾರದ ಹಿಂದಿನ ಓಣಿ ಕಪ್ಪು ಬಿಂದಿಗಳಿಂದ ತುಂಬಿಹೋಯಿತು. ಶಟರ್ ಮುರಿದ ಮೂರೂ ಅಂಗಡಿಗಳ ಹಿಂಬಾಗಿಲು ಇರುವುದು ಅದೇ ಓಣಿಗೆ. ನಾವು ಎರಡು ವರ್ಷ ಮುಂದಿನ ರಸ್ತೆಯನ್ನು ಕಾಯುತ್ತಿದ್ದೆವು! ಜೆಸ್ಕಾಂ ಲೈನ್‌ಮನ್ ಜೊತೆ ನಿಂತು ಆ ಓಣಿಯ ತಂತಿ ಬದಲಿಸಿ ಹೊಸ ಎಲ್‌ಇಡಿ ಹಾಕಿಸಿದೆವು.

ಕ್ಯಾಮೆರಾದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಕ್ಕೆ ಬೇಗ ಹೇಳಿಬಿಡುತ್ತೇನೆ. ಸಾರ್ವಜನಿಕ ಸುರಕ್ಷತೆಯ 2017ರ ರಾಜ್ಯ ಕಾಯ್ದೆ ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಬರುವ ಜಾಗಗಳಿಗೆ ಸಿಸಿಟಿವಿ ಕಡ್ಡಾಯ ಮಾಡಿದೆ, 30 ದಿನದ ದೃಶ್ಯ ಉಳಿಸಿಡಬೇಕು. ನಮ್ಮ ಬಜಾರದ ಸಣ್ಣ ಅಂಗಡಿಗಳು ಇದರೊಳಗೆ ಬರುವುದಿಲ್ಲ. ಪುರಸಭೆಯೇ ಕೆಲವು ಹಾಕಿತು. ದೃಶ್ಯ ಬೇಕಾದ ಮೊದಲ ಸಲವೇ ಪಾಸ್‌ವರ್ಡ್ ಗೊತ್ತಿದ್ದ ಒಬ್ಬನೇ ಒಬ್ಬ ಆಪರೇಟರ್ ಮದುವೆಗೆ ಹುಮನಾಬಾದಿಗೆ ಹೋಗಿದ್ದ.

ಚೌಕಿ ತೆರೆದದ್ದು

ಪಿಎಸ್‌ಐ ಮಾತಿಗೆ ತಪ್ಪಲಿಲ್ಲ. ಸಂತೆ ದಿನದ ಹೊರೆ ಇಳಿದ ಮೇಲೆ ಒಬ್ಬ ಹೆಡ್ ಕಾನ್‌ಸ್ಟೆಬಲ್, ಒಬ್ಬ ಕಾನ್‌ಸ್ಟೆಬಲ್ ಬಿಟ್ಟುಕೊಡಲು ಮೇಲಿನವರ ಒಪ್ಪಿಗೆ ತಂದರು. ಹೊಸ ಹುದ್ದೆ ಒಂದೂ ಮಂಜೂರಾಗಲಿಲ್ಲ, ಅದು ಸರ್ಕಾರದ ಮಟ್ಟದ ಮಾತು. ಇರುವವರನ್ನೇ ಜಾಗ ಬದಲಿಸಿದ್ದು. ರಾತ್ರಿಗೆ ಇಬ್ಬರು ಹೋಮ್‌ಗಾರ್ಡ್. ಠಾಣೆಯ ಮೂಲಕ ಗೃಹರಕ್ಷಕ ದಳದ ಜಿಲ್ಲಾ ಸಮಾದೇಷ್ಟರಿಗೆ ಬರೆದು ಪಡೆದೆವು, ಕರ್ತವ್ಯ ಭತ್ಯೆ ಪುರಸಭೆಯದು. ಈ ಸಲ ಖಾಕಿ ಕಾನೂನಿನ ಖಾಕಿಯೇ.

ಜಾಗ ಯಾವುದು? ಬಜಾರದ ಬಾಯಲ್ಲಿ ಹಳೇ ಜಕಾತಿ ನಾಕಾದ, ಅಂದರೆ ಊರೊಳಗೆ ಬರುವ ಸರಕಿಗೆ ತೆರಿಗೆ ವಸೂಲು ಮಾಡುತ್ತಿದ್ದ ಕಟ್ಟೆಯ, ಒಂದು ಕೋಣೆ ಇತ್ತು. ಜಕಾತಿ ರದ್ದಾಗಿ ನಾಲ್ಕು ದಶಕ ಮೀರಿದೆ, ಕೋಣೆಯಲ್ಲಿ ನಮ್ಮ ಬ್ಲೀಚಿಂಗ್ ಪೌಡರ್ ಚೀಲ ಇಡುತ್ತಿದ್ದೆವು. ಶಹಾಬಾದ್ ಕಲ್ಲಿನ ನೆಲ, ದಪ್ಪ ಗೋಡೆ. ಬೇಸಿಗೆಯಲ್ಲಿ ಊರಿಗೆಲ್ಲ ತಂಪಾದ ಕೋಣೆ ಅದೇ. ಸುಣ್ಣ ಬಳಿದು, ಹೊರಗೆ ರಾತ್ರಿಯಿಡೀ ಉರಿಯುವ ಒಂದು ದೀಪ ಹಾಕಿದೆವು. ಬೋರ್ಡಿನಲ್ಲಿ "ಪೊಲೀಸ್ ಹೊರಠಾಣೆ" ಅಂತಿದೆ. ಜನ ಕರೆಯುವುದು ನಾಕಾ ಚೌಕಿ.

ಮೊದಲ ತಿಂಗಳು ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಕಳ್ಳತನದ ದೂರು ತಂದವರಲ್ಲ. ಕುಡಿದು ಬರುವ ಗಂಡ, ಬಾಡಿಗೆ ಕೊಡದವನು, ಫೋನಿನಲ್ಲಿ ಒಟಿಪಿ ಹೇಳಿ ದುಡ್ಡು ಕಳೆದುಕೊಂಡ ಮುದುಕ. ಹೆಡ್ ಕಾನ್‌ಸ್ಟೆಬಲ್ ಕನ್ನಡ, ಉರ್ದು, ತೆಲುಗು ಮೂರೂ ಮಾತಾಡುವವರು, ವಯಸ್ಸಾದವರು. ಎಲ್ಲರೂ ಅವರನ್ನು ಕಾಕಾ ಅನ್ನತೊಡಗಿದರು. ಸಂತೆ ದಿನ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಬರುತ್ತಿದ್ದರು, ಆ ದಿನ ಮಾತ್ರ ಹೆಂಗಸರು ಒಳಗೆ ಬಂದು ಕೂರುತ್ತಿದ್ದರು. ಉಳಿದ ದಿನ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ವಾರವಿಡೀ ಒಬ್ಬರನ್ನು ಕೊಡಿ ಅಂತ ಕೇಳಿದ್ದು ಇನ್ನೂ ಆಗಿಲ್ಲ.

ಆ ವರ್ಷದ ತೊಗರಿ ಹಂಗಾಮಿನಲ್ಲಿ ಬಜಾರದಲ್ಲಿ ಒಂದೇ ಒಂದು ಶಟರ್ ಮುರಿಯಿತು. ಆದರೆ ಗೇಟಿನ ಆಚೆ ರೈಲು ನಿಲ್ದಾಣದ ಕಡೆ ಬೈಕ್ ಕಳ್ಳತನ ಜಾಸ್ತಿಯಾಯಿತು. ಕಳ್ಳರು ಕೆಲಸ ಬಿಡಲಿಲ್ಲ, ಓಣಿ ಬದಲಿಸಿದರು. ಇದನ್ನು ನಮ್ಮ ಯಶಸ್ಸಿನ ವರದಿಯಲ್ಲಿ ಬರೆಯಬೇಡಿ ಅಂತ ಒಬ್ಬ ಸದಸ್ಯರು ಹೇಳಿದರು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಬೀಗ ಬಿದ್ದ ಆರು ವಾರ

ಹತ್ತು ತಿಂಗಳಾದ ಮೇಲೆ ಪಿಎಸ್‌ಐಗೆ ವರ್ಗವಾಯಿತು. ಹೊಸಬರಿಗೆ ಚೌಕಿಯ ಹಿಂದಿನ ಕಥೆ ಗೊತ್ತಿಲ್ಲ. ಬೇರೆ ಕಡೆ ದೊಡ್ಡ ಬಂದೋಬಸ್ತ್ ಬಂತು, ಇಬ್ಬರನ್ನೂ ಕರೆಸಿಕೊಂಡರು. ಬಂದೋಬಸ್ತ್ ಮುಗಿದರೂ ಅವರು ವಾಪಸ್ ಬರಲಿಲ್ಲ. ಆರು ವಾರ ಚೌಕಿಗೆ ಬೀಗ. ಕಾಗದದಲ್ಲಿ ಏನೂ ಇರಲಿಲ್ಲ, ಎಲ್ಲಾ ಹಳೇ ಪಿಎಸ್‌ಐ ಮತ್ತು ಮುಖ್ಯಾಧಿಕಾರಿಗಳ ನಡುವಿನ ಮಾತು. ನಾವು ಮಾಡಿದ ತಪ್ಪುಗಳಲ್ಲಿ ಖಾಕಿಯ ನಂತರದ ದೊಡ್ಡ ತಪ್ಪು ಇದು.

ಬೀಗ ತೆಗೆಸಿದವರು ನಾವಲ್ಲ. ವ್ಯಾಪಾರ ಸಮಿತಿಯ ಸಭೆಗೆ ಹೊಸ ಪಿಎಸ್‌ಐ ಬಂದಿದ್ದರು, ಕಾಯ್ದೆ ಪ್ರಕಾರ ಬರಲೇಬೇಕಲ್ಲ. ಅಲ್ಲಿ ತರಕಾರಿ ಮಾರುವ ಹೆಂಗಸರು ಒಬ್ಬೊಬ್ಬರಾಗಿ ಕೇಳಿದ್ದು ಒಂದೇ ಪ್ರಶ್ನೆ. ಚೌಕಿ ಯಾವಾಗ ತೆರೀತೀರಿ? ಮೊದಲು ಕೇಳಿದವರು ಆ ಹುಡುಗನ ತಾಯಿ. ಮುಂದಿನ ವಾರ ಕಾಕಾ ವಾಪಸ್ ಬಂದರು. ಆಮೇಲೆ ಬುದ್ಧಿ ಬಂದು ಡಿವೈಎಸ್‌ಪಿ ಕಚೇರಿಯ ಮೂಲಕ ಬರಹದಲ್ಲೇ ಮಾಡಿಕೊಂಡೆವು. ಬಂಡಿ, ನಿಲುಗಡೆ, ದನ ಪುರಸಭೆಯ ಹೊಣೆ. ಸಂತೆ ದಿನ ಮತ್ತು ಡಿಸೆಂಬರಿನಿಂದ ಫೆಬ್ರವರಿ ತನಕ ಚೌಕಿಗೆ ಬೀಗ ಹಾಕುವುದಿಲ್ಲ. ಬಂದೋಬಸ್ತಿಗೆ ಮಂದಿ ಹೋದರೂ ಒಬ್ಬರು ಇರುತ್ತಾರೆ. ತಿಂಗಳಿಗೊಮ್ಮೆ ಬಿಂದಿಯ ನಕ್ಷೆಯನ್ನೂ ದೂರಿನ ಪುಸ್ತಕವನ್ನೂ ಪಕ್ಕದಲ್ಲಿಟ್ಟು ನೋಡುವುದು.

ಬೇರೆ ಊರಿನ ಪುರಸಭೆಯವರು ಬಂದರೆ ನಾನು ಚೌಕಿ ತೋರಿಸುವುದಕ್ಕೆ ಮೊದಲು ಆ ಒಂದು ತಿಂಗಳ ನೋಟ್‌ಬುಕ್ ತೋರಿಸುತ್ತೇನೆ. ನಿಮ್ಮ ಠಾಣೆಯವರಿಂದ ಇಂಥದ್ದೊಂದು ಬರೆಸಿ, ನಿಮ್ಮ ಕೆಲಸ ಅದರಲ್ಲಿ ಎಷ್ಟಿದೆ ಲೆಕ್ಕ ಹಾಕಿ, ಆಮೇಲೆ ಹೊರಠಾಣೆ ಕೇಳಿ ಅನ್ನುತ್ತೇನೆ. ಹೆಚ್ಚಿನವರು ತಲೆಯಾಡಿಸಿ, ಕೋಣೆಯ ಅಳತೆ ಎಷ್ಟು, ಬೋರ್ಡಿಗೆ ಎಷ್ಟು ಖರ್ಚು ಬಂತು ಅಂತ ಕೇಳುತ್ತಾರೆ.

ಈಗ ಚೌಕಿ ನಡೆಯುತ್ತಿದೆ. ಹೋದ ತಿಂಗಳು ಆಡಿಟ್‌ನವರು ಬಂದಿದ್ದರು. ಜಕಾತಿ ನಾಕಾದ ವಿದ್ಯುತ್ ಬಿಲ್ಲು ಇನ್ನೂ ಪುರಸಭೆಯ ಹೆಸರಿಗೇ ಬರುತ್ತದೆ. ಪೊಲೀಸ್ ಇಲಾಖೆ ಬಳಸುವ ಕಟ್ಟಡದ ಬಿಲ್ಲನ್ನು ಪುರಸಭೆ ಯಾವ ನಿಯಮದ ಕೆಳಗೆ ಕಟ್ಟಿದೆ ಅಂತ ತಕರಾರು ಬರೆದು ಹೋಗಿದ್ದಾರೆ. ಉತ್ತರ ಬರೆಯುವ ಫೈಲು ಮತ್ತೆ ನನ್ನ ಮೇಜಿಗೇ ಬಂದಿದೆ. ಹೊರಗಿನ ಆ ದೀಪಕ್ಕೆ ಬೇರೆ ಮೀಟರ್ ಇಲ್ಲ. ಅದನ್ನು ಬೀದಿ ದೀಪ ಅಂತ ತೋರಿಸಬಹುದಾ ಅಂತ ಜೆಸ್ಕಾಂನವರನ್ನು ಕೇಳಿದ್ದೇನೆ.